ಇಂಗ್ಲಿಷ್ ಕಲಿಸುವವರು ಕಂಪ್ಯೂಟರನ್ನು ತಮ್ಮ ಸ್ವಂತ ಕಲಿಕೆಗೆ ಹೇಗೆ ಬಳಸುತ್ತೀರಿ?

ಬಯಲುಸೀಮೆ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಇಂಗ್ಲಿಷ್ ತೆಗೆದುಕೊಳ್ಳುತ್ತೇನೆ. ದಾನಿಗಳೊಬ್ಬರು ಶಾಲೆಗೆ ಎರಡು ಹಳೆ ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಕೊಡಿಸಿದ್ದಾರೆ. ಇಂಟರ್ನೆಟ್ ಅಂದರೆ ನನ್ನ ಮೊಬೈಲಿನ ಹಾಟ್‌ಸ್ಪಾಟ್, ಅಷ್ಟೇ. ವಿಡಿಯೋ ಹಾಕಿದರೆ ಮಕ್ಕಳು ಖುಷಿಯಿಂದ ನೋಡುತ್ತಾರೆ. ಮುಗಿದ ಮೇಲೆ ಅದರ ಬಗ್ಗೆ ಎರಡು ಮಾತು ಇಂಗ್ಲಿಷಿನಲ್ಲಿ ಹೇಳಿ ಅಂದರೆ ಯಾರೂ ಬಾಯಿ ಬಿಡುವುದಿಲ್ಲ.

ಆದರೆ ನಾನು ಕೇಳಬೇಕಾಗಿರುವುದು ಮಕ್ಕಳ ವಿಷಯವಲ್ಲ. ನನ್ನ ವಿಷಯ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ವ್ಯಾಕರಣ ಗೊತ್ತು, ಪಾಠ ಅರ್ಥವಾಗುತ್ತದೆ, ಬರೆಯಲೂ ಬರುತ್ತದೆ. ಮಾತಾಡುವಾಗ ಮಾತ್ರ ಪದ ಹುಡುಕುತ್ತಾ ನಿಲ್ಲುತ್ತೇನೆ. ತರಬೇತಿಗೆ ಹೋದಾಗ ನಾಲ್ಕು ಜನರ ಜೊತೆ ಮಾತಾಡಿ ಧೈರ್ಯ ಬರುತ್ತದೆ. ವಾಪಸ್ ಬಂದರೆ ಶಾಲೆಯಲ್ಲಿ ನನ್ನ ಜೊತೆ ಇಂಗ್ಲಿಷ್ ಮಾತಾಡುವವರೇ ಇಲ್ಲ. ಇರುವ ಕಂಪ್ಯೂಟರ್ ಇಟ್ಟುಕೊಂಡು ನಾನೇ ಸುಧಾರಿಸಿಕೊಳ್ಳುವ ದಾರಿ ಇದೆಯಾ? ಯಾರಾದರೂ ಹಾಗೆ ಮಾಡಿ ನೋಡಿದ್ದೀರಾ?

ಮಲೆನಾಡ ಮೇಷ್ಟ್ರು:
ಕೇಂದ್ರ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಶಿಕ್ಷಕರ ತರಬೇತಿಯ ನಿಷ್ಠಾ ಕೋರ್ಸ್‌ಗಳಿವೆ. ಸರ್ಕಾರದ್ದೇ ಆದ ಸ್ವಯಂ ಆನ್‌ಲೈನ್ ಕಲಿಕಾ ಪೋರ್ಟಲ್‌ನಲ್ಲಿ ಇಂಗ್ಲಿಷ್ ಬೋಧನೆಯ ಬಗ್ಗೆ ಪೂರ್ತಿ ಕೋರ್ಸ್‌ಗಳು ಉಚಿತವಾಗಿ ಸಿಗುತ್ತವೆ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಶುಲ್ಕ. ಬ್ರಿಟಿಷ್ ಕೌನ್ಸಿಲ್‌ನವರ ಟೀಚಿಂಗ್ ಇಂಗ್ಲಿಷ್ ತಾಣ ಚೆನ್ನಾಗಿದೆ. ಇಲ್ಲಿಂದ ಶುರು ಮಾಡಿ ಮೇಡಂ.

ಹೈಸ್ಕೂಲ್ ಸರ್:
@ಮಲೆನಾಡ ಮೇಷ್ಟ್ರು, ಕೋರ್ಸ್‌ಗಳಿಗೆ ಬರಗಾಲವಿಲ್ಲ ಸರ್. ಮಾಡುವ ರೀತಿಯದ್ದೇ ತೊಂದರೆ. ವಿಡಿಯೋ ಓಡುತ್ತಿರುತ್ತದೆ, ಪಕ್ಕದಲ್ಲಿ ಬಿಸಿಯೂಟದ ಲೆಕ್ಕ ಬರೆಯುತ್ತಿರುತ್ತೇವೆ. ಕೊನೆಯ ಪ್ರಶ್ನೆಗಳ ಉತ್ತರ ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಬಂದಿರುತ್ತದೆ. ಸರ್ಟಿಫಿಕೇಟ್ ಡೌನ್‌ಲೋಡ್ ಆಗುತ್ತದೆ, ಬಾಯಲ್ಲಿ ಒಂದು ಹೊಸ ವಾಕ್ಯ ಬಂದಿರುವುದಿಲ್ಲ. ಇದು ಶಿಕ್ಷಕರ ಸೋಮಾರಿತನ ಅಂತ ಹೇಳಲು ನನಗೆ ಮನಸ್ಸಿಲ್ಲ. ಶಾಲೆಯ ಕಂಪ್ಯೂಟರ್ ಮುಂದೆ ಕೂತರೆ ಮೊದಲು ನೆನಪಾಗುವುದೇ ಆನ್‌ಲೈನ್ ಎಂಟ್ರಿ. ಕಲಿಯುವುದಕ್ಕೆ ಅಂತ ಅದರ ಮುಂದೆ ಕೂರುವ ಸಮಯವನ್ನು ಯಾರೂ ಕೊಟ್ಟಿಲ್ಲ.

ನಿವೃತ್ತ ಆರ್‌ಪಿ:
ಮೇಡಂ ಕೇಳಿದ ಪ್ರಶ್ನೆ ಬಹಳ ಮುಖ್ಯವಾದದ್ದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅದಕ್ಕೂ ಮೊದಲು 5ನೇ ತರಗತಿಯಿಂದ ಇತ್ತು. ಅಂದರೆ ನಾನು ಇಂಗ್ಲಿಷ್ ಕಲಿಸುತ್ತೇನೆ ಅಂತ ಯಾವತ್ತೂ ಅಂದುಕೊಳ್ಳದ ಚಿಕ್ಕ ತರಗತಿಗಳ ಶಿಕ್ಷಕರ ಕೈಗೆ ಒಮ್ಮೆಲೇ ಇಂಗ್ಲಿಷ್ ಬಂತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾದವು. ಕೆಲಸ ಜಾಸ್ತಿ ಆಯಿತು. ಶಿಕ್ಷಕರು ತಾವು ಭಾಷೆ ಕಲಿಯುವ ಅವಕಾಶ ಆ ವೇಗದಲ್ಲಿ ಬೆಳೆಯಲಿಲ್ಲ.

ತರಬೇತಿ ಹೇಗೆ ಇಳಿದು ಬರುತ್ತದೆ ನೋಡಿ. ರಾಜ್ಯ ಮಟ್ಟದಲ್ಲಿ ಸಂಪನ್ಮೂಲ ವ್ಯಕ್ತಿಗಳಿಗೆ (ಆರ್‌ಪಿ, ಅಂದರೆ ಬೇರೆ ಶಿಕ್ಷಕರಿಗೆ ತರಬೇತಿ ಕೊಡುವವರಿಗೆ) ಕೊಡುತ್ತಾರೆ, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ. ಪ್ರತಿ ಮೆಟ್ಟಿಲಿಗೂ ದಿನ ಕಡಿಮೆಯಾಗುತ್ತದೆ. ಮೇಲೆ ಆಟ ಆಡಿಸಿ, ಮಾತಾಡಿಸಿ ಮಾಡಿದ ಚಟುವಟಿಕೆ ಕೆಳಗೆ ಬರುವಷ್ಟರಲ್ಲಿ ಆ ಚಟುವಟಿಕೆಯ ಬಗ್ಗೆ ಒಂದು ಪಿಪಿಟಿ ಆಗಿರುತ್ತದೆ. ಭಾಷೆಯನ್ನು ಹಾಗೆ ಹೇಳಿ ದಾಟಿಸಲು ಆಗುವುದಿಲ್ಲ. ಗಣಿತದ ಹೊಸ ಪಾಠವಾದರೆ ವಿಷಯವನ್ನಾದರೂ ದಾಟಿಸಬಹುದು. ಮಾತಾಡುವ ರೂಢಿಯನ್ನು ಹೇಗೆ ದಾಟಿಸುತ್ತೀರಿ?

ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗಾಗಿಯೇ ಒಂದು ಸಂಸ್ಥೆ ಇದೆ, 1963ರಿಂದ. ಹೆಸರು ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, ಸೌತ್ ಇಂಡಿಯಾ, ನಾವೆಲ್ಲ ಆರ್‌ಐಇಎಸ್‌ಐ ಅನ್ನುತ್ತೇವೆ. ಅಲ್ಲಿನ 30 ದಿನದ ಕೋರ್ಸ್‌ಗೆ ಓಓಡಿ (ಕರ್ತವ್ಯದ ಮೇಲೆ ಹೋಗಲು ಇಲಾಖೆಯ ಅನುಮತಿ) ಸಿಕ್ಕರೆ ಖಂಡಿತ ಹೋಗಿ. ಊಟದ ಮನೆಯಲ್ಲೂ ತಮಿಳುನಾಡಿನ, ಕೇರಳದ ಶಿಕ್ಷಕರ ಜೊತೆ ಇಂಗ್ಲಿಷ್ ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ನನಗೆ ಅಲ್ಲಿ ಸಿಕ್ಕ ದೊಡ್ಡ ಲಾಭ ಅದೇ.

ಇನ್ನೊಂದು ಮಾತು. ಇವತ್ತು ಪ್ರಪಂಚದ ಎಷ್ಟೋ ಕಡೆ 'ಟಾಸ್ಕ್' ಕೊಟ್ಟು ಭಾಷೆ ಕಲಿಸುವ ಪದ್ಧತಿ ಇದೆ ಅಲ್ವಾ, ಅದರ ಒಂದು ದೊಡ್ಡ ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. ಇಂಗ್ಲಿಷ್ ಬೋಧನೆಯ ತಜ್ಞರಾದ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸಿನ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣದ ಪಾಠ ಪಕ್ಕಕ್ಕಿಟ್ಟು ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಕೊಟ್ಟು ಲೆಕ್ಕ ಬಿಡಿಸಿ ಅಂದರು. ಮಕ್ಕಳ ಗಮನ ಉತ್ತರದ ಮೇಲೆ, ಭಾಷೆ ಹಿಂದಿನಿಂದ ಬರುತ್ತಿತ್ತು. ಇದಕ್ಕೆ ಬೇಕಾಗಿದ್ದು ಕಪ್ಪು ಹಲಗೆ, ಸೀಮೆಸುಣ್ಣ. ಕಂಪ್ಯೂಟರ್ ಬಂದ ಮೇಲೆ ಆ ಥರದ ಸಾಮಗ್ರಿ ತಯಾರಿಸುವುದು ಇನ್ನೂ ಸುಲಭವಾಗಿದೆ. ಆದರೆ ನಾವು ಕಂಪ್ಯೂಟರನ್ನು ಟಿವಿ ಮಾಡಿಕೊಂಡಿದ್ದೇವೆ.

ನನ್ನ ಅಭಿಪ್ರಾಯ ಇಷ್ಟು: ಶಾಲೆಗೆ ಬಂದ ಕಂಪ್ಯೂಟರ್ ಮೊದಲು ಶಿಕ್ಷಕರ ಕೈಗೆ ಹೋಗಲಿ. ಅವರು ಕೇಳಲಿ, ಮಾತಾಡಲಿ, ಸಾಮಗ್ರಿ ಮಾಡಲಿ. ಪ್ರೊಜೆಕ್ಟರ್ ಆಮೇಲೆ.

ಕರಾವಳಿ ಟೀಚರ್:
ಕೊನೆಯ ಮಾತಿಗೆ ನನ್ನದೊಂದು ಸೇರ್ಪಡೆ. ಉಚ್ಚಾರಣೆಗೆ ನಾನು ಬಳಸುವುದು ಅಡಾಸಿಟಿ ಅನ್ನುವ ಧ್ವನಿ ರೆಕಾರ್ಡ್ ಮಾಡುವ ಸಾಫ್ಟ್‌ವೇರ್. ಉಚಿತ, ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಇಂಟರ್ನೆಟ್ ಬೇಡ. ಹೆಡ್‌ಫೋನಿನ ಮೈಕ್ ಸಾಕು.

ಹೀಗೆ ಮಾಡಿ ನೋಡಿ. 'ಬಸ್' ಅಂತ ಹೇಳಿ ರೆಕಾರ್ಡ್ ಮಾಡಿ. ಪರದೆಯ ಮೇಲೆ ಧ್ವನಿಯ ಅಲೆ ಕಾಣುತ್ತದೆ, ಅದನ್ನು ಹಿಗ್ಗಿಸಿ. ಮೊದಲು ಒಂದು ದಪ್ಪ ಉಬ್ಬು, ಅದು ಸ್ವರ. ಆಮೇಲೆ ಒತ್ತೊತ್ತಾಗಿ ಗಿಡ್ಡ ಗೆರೆಗಳು, ಅದು 'ಸ್'. ಅಲ್ಲಿಗೆ ಮುಗಿಯಬೇಕು. ನಮ್ಮ 6ನೇ ತರಗತಿಯ ಮಕ್ಕಳ ರೆಕಾರ್ಡಿಂಗ್ ನೋಡಿದರೆ ಆ ಗೆರೆಗಳ ನಂತರ ಇನ್ನೊಂದು ಪುಟ್ಟ ಉಬ್ಬು ಇರುತ್ತದೆ. ಅದು ಬಸ್ಸು, ಪೆನ್ನು, ಕಾರು ಅನ್ನುವಾಗ ನಾವು ಸೇರಿಸುವ 'ಉ'. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ನಾಲಿಗೆ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಎಷ್ಟು ಸಲ ಹೇಳಿದರೂ ಆ 'ಉ' ಮಕ್ಕಳ ಕಿವಿಗೆ ಬೀಳುವುದಿಲ್ಲ. ಕಣ್ಣಿಗೆ ಕಂಡಾಗ ತಕ್ಷಣ ಗೊತ್ತಾಗುತ್ತದೆ. "ಟೀಚರ್, ನನ್ನ ಬಾಲ ಹೋಯ್ತಾ ನೋಡಿ" ಅಂತ ಒಬ್ಬಳು ಮತ್ತೆ ಮತ್ತೆ ರೆಕಾರ್ಡ್ ಮಾಡುತ್ತಾಳೆ.

ಪದದ ಶುರುವಿನಲ್ಲೂ ಹೀಗೇ. 'ಎಗ್' ಅನ್ನುವುದು 'ಯೆಗ್' ಆಗುತ್ತದೆ, 'ಓಲ್ಡ್' ಅನ್ನುವುದು 'ವೋಲ್ಡ್' ಆಗುತ್ತದೆ. ಇವುಗಳಿಗಿಂತ ನನಗೆ ಜಾಸ್ತಿ ಉಪಯೋಗವಾಗಿದ್ದು ಒತ್ತು, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಅನ್ನುವುದು. 'ಫೋಟೋಗ್ರಾಫ್'ನಲ್ಲಿ ಒತ್ತು ಮೊದಲನೆಯದರ ಮೇಲೆ, 'ಫೋಟೋಗ್ರಾಫರ್'ನಲ್ಲಿ ಎರಡನೆಯದರ ಮೇಲೆ. ನಾವು ಕನ್ನಡದ ಲಯದಲ್ಲಿ ಎಲ್ಲವನ್ನೂ ಸಮವಾಗಿ ಹೇಳುತ್ತೇವೆ. ನಿಘಂಟಿನ ಆಡಿಯೋ ಒಂದು ಸಾಲಿನಲ್ಲಿ, ನನ್ನ ಧ್ವನಿ ಅದರ ಕೆಳಗೆ, ಎರಡೂ ಅಲೆಗಳನ್ನು ಜೋಡಿಸಿ ನೋಡುತ್ತೇನೆ. ಒತ್ತು ಬಿದ್ದ ಭಾಗ ಉದ್ದವಾಗಿ ಕಾಣುತ್ತದೆ.

ಇದು ಇಂಗ್ಲೆಂಡಿನವರ ಹಾಗೆ ಮಾತಾಡುವುದಕ್ಕಲ್ಲ. ನಮ್ಮ ಇಂಗ್ಲಿಷ್ ನಮ್ಮದೇ ಆಗಿರಲಿ. ಕೇಳುವವರಿಗೆ ಒಂದೇ ಸಲಕ್ಕೆ ತಿಳಿಯಬೇಕು, ಅಷ್ಟೇ.

ಹೈಸ್ಕೂಲ್ ಸರ್:
ಇದು ಗೊತ್ತಿರಲಿಲ್ಲ ಮೇಡಂ. ಕೇಳುವ ಸಾಮಗ್ರಿ ಎಲ್ಲಿಂದ ತರುತ್ತೀರಿ?

ಕರಾವಳಿ ಟೀಚರ್:
ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮಗಳು. ಆಡಿಯೋ ಇಳಿಸಿಕೊಳ್ಳಬಹುದು, ಮಾತಿನ ಬರಹವೂ ಜೊತೆಗೆ ಸಿಗುತ್ತದೆ. ಮೊದಲು ಬರಹ ನೋಡದೆ ಕೇಳಿ. ಆಮೇಲೆ ಬರಹ ನೋಡಿಕೊಂಡು ಕೇಳಿ. ಮೂರನೇ ಸಲ ವಿಎಲ್‌ಸಿ ಪ್ಲೇಯರ್‌ನಲ್ಲಿ ವೇಗ ಸ್ವಲ್ಪ ಇಳಿಸಿ, ಅವರ ಜೊತೆಜೊತೆಗೇ ಜೋರಾಗಿ ಹೇಳಿ. ನಾನು ಅಡುಗೆ ಮಾಡುವಾಗ ಇದನ್ನೇ ಮಾಡುತ್ತೇನೆ. ಪದ ಹುಡುಕುತ್ತಾ ನಿಲ್ಲುವುದು ಕಡಿಮೆಯಾಗಬೇಕಾದರೆ ಬಾಯಿ ಪಳಗಬೇಕು. ಎಷ್ಟು ವಿಡಿಯೋ ನೋಡಿದರೂ ಬಾಯಿ ಪಳಗುವುದಿಲ್ಲ.

ಲಿನಕ್ಸ್ ಮೇಷ್ಟ್ರು:
ನಾನು ಶಬ್ದಭಂಡಾರದ ಕಡೆಯಿಂದ ಬರುತ್ತೇನೆ. ಪಠ್ಯಪುಸ್ತಕದ ಪ್ರತಿ ಪಾಠದ ಕೊನೆಗೆ ಕಷ್ಟಪದಗಳ ಪಟ್ಟಿ ಇರುತ್ತದೆ, ನಾವು ಅದನ್ನು ಬೋರ್ಡ್ ಮೇಲೆ ಬರೆದು ಕನ್ನಡ ಅರ್ಥ ಕೊಟ್ಟು ಮುಂದೆ ಹೋಗುತ್ತೇವೆ. ಆದರೆ ಆ ಪದಗಳಲ್ಲಿ ಎಷ್ಟು ಪದ ಮಕ್ಕಳಿಗೆ ಮತ್ತೆ ಸಿಗುತ್ತವೆ?

ಅದನ್ನು ತಿಳಿಯಲು ಆ್ಯಂಟ್‌ಕಾಂಕ್ ಅಂತ ಒಂದು ಸಾಫ್ಟ್‌ವೇರ್ ಇದೆ. ಜಪಾನಿನ ವಾಸೆಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಟನಿ ಮಾಡಿದ್ದು, ಉಚಿತ. ಪಠ್ಯಪುಸ್ತಕದ ಪಿಡಿಎಫ್‌ನಿಂದ ಇಂಗ್ಲಿಷ್ ಪಾಠಗಳನ್ನು ಕಾಪಿ ಮಾಡಿ ಬರೀ ಟೆಕ್ಸ್ಟ್ ಫೈಲ್ ಮಾಡಿ. (ಕನ್ನಡ ಪಿಡಿಎಫ್ ಕಾಪಿ ಮಾಡಿದಾಗ ನುಡಿ ಫಾಂಟ್ ಚೆಲ್ಲಾಪಿಲ್ಲಿ ಆಗುತ್ತದಲ್ಲ, ಇಲ್ಲಿ ಆ ಗೋಳಿಲ್ಲ. ಸ್ಕ್ಯಾನ್ ಮಾಡಿದ ಪುಟವಾದರೆ ಮಾತ್ರ ಚಿತ್ರದಲ್ಲಿನ ಅಕ್ಷರ ಗುರುತಿಸಿ ಟೆಕ್ಸ್ಟ್ ಮಾಡುವ ಓಸಿಆರ್ ಬೇಕು.) ಫೈಲನ್ನು ಅದಕ್ಕೆ ಕೊಟ್ಟರೆ ಯಾವ ಪದ ಎಷ್ಟು ಸಲ ಬಂದಿದೆ ಅಂತ ಪಟ್ಟಿ ಕೊಡುತ್ತದೆ. ಒಂದು ಪದ ಒತ್ತಿದರೆ ಅದು ಬಂದಿರುವ ವಾಕ್ಯಗಳನ್ನೆಲ್ಲ ಒಂದರ ಕೆಳಗೆ ಒಂದು ಜೋಡಿಸಿ ತೋರಿಸುತ್ತದೆ.

ಪಟ್ಟಿ ನೋಡಿದಾಗ ನನಗೆ ಕಂಡದ್ದು ಇದು. ನಾವು ಒದ್ದಾಡಿ ಅರ್ಥ ಹೇಳುವ ಕಷ್ಟಪದಗಳು ಬಹುಪಾಲು ಇಡೀ ಪುಸ್ತಕದಲ್ಲಿ ಒಂದೇ ಸಲ ಬರುತ್ತವೆ. 'ಗೆಟ್', 'ಟೇಕ್', 'ಪುಟ್', 'ಮೇಕ್' ಥರದ ಸಣ್ಣ ಪದಗಳು ಪುಟಪುಟದಲ್ಲಿ ಬೇರೆಬೇರೆ ಅರ್ಥದಲ್ಲಿ ಬರುತ್ತವೆ, ಅವನ್ನು ಗೊತ್ತಿದೆ ಅಂದುಕೊಂಡು ಬಿಟ್ಟುಬಿಡುತ್ತೇವೆ. ಮಕ್ಕಳು ಮಾತಾಡಲು ಬೇಕಾಗುವುದು ಇವೇ.

ಮೈಕಲ್ ವೆಸ್ಟ್ ಅನ್ನುವವರು ಹಿಂದೆ ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದರು. ಬಂಗಾಳದ ಮಕ್ಕಳಿಗೆ ಯಾವ ಇಂಗ್ಲಿಷ್ ಪದ ಮೊದಲು ಕಲಿಸಬೇಕು ಅನ್ನುವ ಚಿಂತೆಯಿಂದ ಶುರುವಾದ ಅವರ ಕೆಲಸ ಕೊನೆಗೆ 1953ರಲ್ಲಿ ಸುಮಾರು 2000 ಪದಗಳ ಪಟ್ಟಿಯಾಗಿ ಬಂತು. ಸಾಮಾನ್ಯ ಬರಹದ ಬಹುಭಾಗ ಆ ಪದಗಳಲ್ಲೇ ಮುಗಿಯುತ್ತದೆ. ಆ ಕಾಲದಲ್ಲಿ ಪದ ಎಣಿಸಿದ್ದು ಕೈಯಲ್ಲಿ. ನಮಗೆ ಕೆಲವು ಸೆಕೆಂಡಿನ ಕೆಲಸ. ಬಳಸದೆ ಬಿಟ್ಟರೆ ಹೇಗೆ?

ಮಲೆನಾಡ ಮೇಷ್ಟ್ರು:
ಇದೆಲ್ಲ ಕಲಿಯಲು ಕಂಪ್ಯೂಟರ್ ಬರಬೇಕಲ್ಲ ಸರ್. ನಮ್ಮಲ್ಲಿ ಫೈಲ್ ಎಲ್ಲಿ ಸೇವ್ ಆಯಿತು ಅಂತ ಹುಡುಕುವವರೇ ಜಾಸ್ತಿ.

ಲಿನಕ್ಸ್ ಮೇಷ್ಟ್ರು:
ನಿಜ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ನೋಡಿ, ಲಿಬ್ರೆ ಆಫೀಸ್ (ಎಂಎಸ್ ಆಫೀಸ್ ಥರದ ಉಚಿತ ಸಾಫ್ಟ್‌ವೇರ್) ಪಾಠಗಳು ಕನ್ನಡದಲ್ಲೇ ಇವೆ. ನಿಲ್ಲಿಸಿ ನಿಲ್ಲಿಸಿ ಮಾಡಿಕೊಂಡು ಹೋಗಬಹುದು. ರಾಜ್ಯ ಸರ್ಕಾರ ಶಿಕ್ಷಕರಿಗೆ ಕೊಟ್ಟ ಟಿಎಎಲ್‌ಪಿ ಕಂಪ್ಯೂಟರ್ ತರಬೇತಿಯಲ್ಲಿ ಕಂಪ್ಯೂಟರ್ ಮುಟ್ಟಿದವರು ಕೋಯರ್ (ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ) ತಾಣವನ್ನೂ ನೋಡಿರುತ್ತೀರಿ. ನಮ್ಮ ರಾಜ್ಯದ ಶಿಕ್ಷಕರೇ ಸೇರಿಸಿದ ಸಾಮಗ್ರಿ ಅಲ್ಲಿದೆ, ತೆಗೆದುಕೊಂಡು ನಮ್ಮ ಶಾಲೆಗೆ ಬೇಕಾದ ಹಾಗೆ ಬದಲಾಯಿಸಬಹುದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಕೂಡ ಹಾಗೇ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ, ಇಳಿಸಿ ಪ್ರಿಂಟ್ ಹಾಕಿ ಹಂಚಿದರೂ ಪರವಾನಗಿಯ ತೊಂದರೆ ಇಲ್ಲ. ಇಂಟರ್ನೆಟ್ ಇಲ್ಲದ ಶಾಲೆಗೆ ಕಿವಿಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಸರಳ ಇಂಗ್ಲಿಷಿನ ವಿಕಿಪೀಡಿಯವನ್ನು ಪೂರ್ತಿ ಒಂದು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಆನೆ, ಮಳೆ, ಚಂದ್ರ ಏನು ಬೇಕಾದರೂ ಹುಡುಕಿ, ಸಣ್ಣ ವಾಕ್ಯಗಳಲ್ಲಿರುತ್ತದೆ. ಶಿಕ್ಷಕರ ಓದಿಗೂ ಹೇಳಿ ಮಾಡಿಸಿದ ಹಾಗಿದೆ.

ಟೊರಾಂಟೊ ಕನ್ನಡತಿ:
ನಾನು ಇಲ್ಲಿ ಕೆನಡಾದಲ್ಲಿ ಹೊಸದಾಗಿ ಬಂದ ವಲಸಿಗರಿಗೆ ಇಂಗ್ಲಿಷ್ ಕಲಿಸುತ್ತೇನೆ. 1992ರಲ್ಲಿ ಶುರುವಾದ ಲಿಂಕ್ ಅನ್ನುವ ಸರ್ಕಾರಿ ಕಾರ್ಯಕ್ರಮ ಇದು. ನಿಮ್ಮ ಪರಿಸ್ಥಿತಿ ಬೇರೆ, ಆದರೂ ಒಂದು ವಿಷಯ ಹೇಳಬೇಕು ಅನ್ನಿಸಿತು. ಇಲ್ಲಿ ಕಲಿಯುವವರ ಮಟ್ಟವನ್ನು 12 ಹಂತಗಳಲ್ಲಿ ಅಳೆಯುತ್ತಾರೆ, ಪ್ರತಿ ಹಂತವೂ 'ಏನು ಮಾಡಬಲ್ಲರು' ಅನ್ನುವ ರೂಪದಲ್ಲಿದೆ. ಡಾಕ್ಟರಿಗೆ ಫೋನ್ ಮಾಡಿ ಸಮಯ ಕೇಳಬಲ್ಲರು, ಮನೆ ಮಾಲೀಕರಿಗೆ ಒಂದು ಚೀಟಿ ಬರೆಯಬಲ್ಲರು, ಹೀಗೆ. ಬಯಲುಸೀಮೆ ಟೀಚರ್, ನಿಮಗೂ ಇದೇ ರೀತಿ ಒಂದು ಪಟ್ಟಿ ಮಾಡಿಕೊಳ್ಳಿ. 'ನಿರರ್ಗಳವಾಗಿ ಮಾತಾಡಬೇಕು' ಅಂತ ಬರೆದುಕೊಂಡರೆ ಎಲ್ಲಿಂದ ಹಿಡಿಯುವುದು? 'ಆಟದ ನಿಯಮವನ್ನು ಇಂಗ್ಲಿಷಿನಲ್ಲಿ ವಿವರಿಸಬಲ್ಲೆ', 'ಮಗು ತಪ್ಪು ಹೇಳಿದಾಗ ಕನ್ನಡಕ್ಕೆ ಹೋಗದೆ ಸರಿಪಡಿಸಬಲ್ಲೆ' ಅಂತ ಬರೆದುಕೊಂಡರೆ ಅಭ್ಯಾಸ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುತ್ತದೆ.

ಬಯಲುಸೀಮೆ ಟೀಚರ್:
ಎಲ್ಲರಿಗೂ ಮನಸಾರೆ ಧನ್ಯವಾದ. ನಿವೃತ್ತ ಆರ್‌ಪಿ ಸರ್ ಹೇಳಿದ ವೇಳಾಪಟ್ಟಿ ತಲೆಯಲ್ಲಿ ಕೂತುಬಿಟ್ಟಿತು, ಮಾಡಿಯೂ ನೋಡಿದೆ. ಏನಾಯಿತು ಅಂತ ಹೇಳುತ್ತೇನೆ.

ನಮ್ಮ ಊರಿನ ಬಸ್ ಸ್ಟ್ಯಾಂಡ್ ಬೋರ್ಡಿನ ಫೋಟೋ ತೆಗೆದುಕೊಂಡು ಬಂದು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಟೈಪ್ ಮಾಡಿದೆ. ಎಲ್ಲಿಗೆ, ಎಷ್ಟು ಗಂಟೆಗೆ, ಎಲ್ಲೆಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಸೇರುತ್ತದೆ. ಅದನ್ನೇ ಎರಡು ಹಾಳೆ ಮಾಡಿದೆ. ಒಂದರಲ್ಲಿ ಹೊರಡುವ ಸಮಯ ಕೆಲವು ಖಾಲಿ, ಇನ್ನೊಂದರಲ್ಲಿ ಸೇರುವ ಸಮಯ ಕೆಲವು ಖಾಲಿ. ಜೋಡಿಯಲ್ಲಿ ಕೂರಿಸಿ, ಇನ್ನೊಬ್ಬರ ಹಾಳೆ ನೋಡದೆ ಕೇಳಿ ತುಂಬಿಸಿ ಅಂದೆ. ಆಮೇಲೆ ಒಂದು ಪ್ರಶ್ನೆ: ತಾಲ್ಲೂಕಿನಲ್ಲಿ ಹತ್ತೂವರೆಗೆ ಮದುವೆ, ಜೊತೆಗೆ ಅಜ್ಜಿ ಇದ್ದಾಳೆ, ಅವಳಿಗೆ ಎರಡು ಬಸ್ ಬದಲಾಯಿಸಲು ಆಗುವುದಿಲ್ಲ. ಯಾವ ಬಸ್ಸಿಗೆ ಹೋಗುತ್ತೀರಿ, ಯಾಕೆ?

ವಿಡಿಯೋ ಮುಗಿದಾಗ ಸುಮ್ಮನಿರುವ ಅದೇ ಮಕ್ಕಳು ಜಗಳಕ್ಕೆ ಬಿದ್ದರು. ಇಂಗ್ಲಿಷ್ ಹರಕು ಮುರುಕಾಗಿತ್ತು. "ದಿಸ್ ಬಸ್ ಲೇಟ್, ಊಟ ಓನ್ಲಿ, ನೋ ತಾಳಿ" ಅಂದ ಒಬ್ಬ. ಇನ್ನೊಬ್ಬಳು ತಕ್ಷಣ "ನೋ, ಅಜ್ಜಿ ಕ್ಯಾನ್ ನಾಟ್ ಸ್ಟ್ಯಾಂಡ್, ದಟ್ ಬಸ್ ಫುಲ್ ರಶ್" ಅಂದಳು. 'ಕ್ಯಾನ್ ನಾಟ್' ಅನ್ನುವುದನ್ನು ನಾನು ಆ ತರಗತಿಗೆ ಇನ್ನೂ ಪಾಠವಾಗಿ ಹೇಳಿಕೊಟ್ಟೇ ಇಲ್ಲ. ಅವರ ಜೊತೆ ವಾದ ಮಾಡುತ್ತಾ ನಾನೂ ನಿಲ್ಲದೆ ಮಾತಾಡುತ್ತಿದ್ದೆ. ಪದ ಹುಡುಕಲು ಪುರುಸೊತ್ತೇ ಇರಲಿಲ್ಲ.

ಪ್ರೊಜೆಕ್ಟರ್ ಬೇಕಾಗಲಿಲ್ಲ, ಲ್ಯಾಪ್‌ಟಾಪ್ ಬೇಕಾಯಿತು. ಕೈಯಲ್ಲಿ ಬರೆದಿದ್ದರೆ ಎರಡು ಥರದ ಹಾಳೆ ಮಾಡುವ ಹೊತ್ತಿಗೆ ರಾತ್ರಿ ಆಗುತ್ತಿತ್ತು. ಈಗ ಫೈಲ್ ಇದೆ, ಸಮಯ ಬದಲಾಯಿಸಿದರೆ 8ನೇ ತರಗತಿಗೆ ಇನ್ನೊಂದು ಲೆಕ್ಕ ತಯಾರು. ಯಾರಿಗೆ ಬೇಕೋ ಕೇಳಿ, ಕಳಿಸುತ್ತೇನೆ.

ನಿವೃತ್ತ ಆರ್‌ಪಿ:
ಓದಿ ಬಹಳ ಸಂತೋಷವಾಯಿತು ಮೇಡಂ. ಒಂದು ಸಲಹೆ. ಮಕ್ಕಳು ಹೇಳಿದ ವಾಕ್ಯಗಳನ್ನು ಅವತ್ತೇ ಒಂದು ಫೈಲಿನಲ್ಲಿ ಬರೆದಿಡಿ. ತಪ್ಪು ಎಣಿಸುವುದಕ್ಕಲ್ಲ, ಮುಂದಿನ ಟಾಸ್ಕ್ ಯಾವುದು ಅಂತ ಅದೇ ಹೇಳುತ್ತದೆ. 'ದಿಸ್ ಬಸ್ ಲೇಟ್' ಅಂದವನಿಗೆ 'ಈಸ್' ಬೇಕಾಗಿದೆ. ನೀವು ವಾದದ ನಡುವೆಯೇ "ಓ, ದಿಸ್ ಬಸ್ ಈಸ್ ಲೇಟ್?" ಅಂತ ತಿರುಗಿ ಹೇಳಿದರೆ ಸಾಕು. ವಾದ ನಿಲ್ಲಿಸಿ ವ್ಯಾಕರಣ ಶುರು ಮಾಡಬೇಡಿ.

ಹೈಸ್ಕೂಲ್ ಸರ್:
ಚಾಟ್ ಜಿಪಿಟಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಇಂಥ ಟಾಸ್ಕ್ ಬೇಕು ಅಂದರೆ ಅದು ಕ್ಷಣದಲ್ಲಿ ಹತ್ತು ಬರೆದುಕೊಡುತ್ತದೆ.

ಕರಾವಳಿ ಟೀಚರ್:
ಕೊಡುತ್ತದೆ. ಆದರೆ ಅದರಲ್ಲಿ ನಮ್ಮ ಊರಿನ ಬಸ್ ಇರುವುದಿಲ್ಲ. ಪಾಠ ಯೋಜನೆ ಬರೆಸಿಕೊಂಡು ಹಾಗೇ ಒಪ್ಪಿಸುವುದಕ್ಕೆ ನಾನು ಪೂರ್ತಿ ವಿರೋಧ. ಶಿಕ್ಷಕರು ಬೆಳೆಯುವುದೇ ತಯಾರಿ ಮಾಡುವಾಗ, ಆ ಕೆಲಸವನ್ನೇ ಬಿಟ್ಟುಕೊಟ್ಟರೆ ನಮಗೆ ಉಳಿಯುವುದೇನು? ನನ್ನ ಬಳಕೆ ಬೇರೆ. ಅದಕ್ಕೆ "ನೀನು ಒಬ್ಬ ಪೋಷಕ, ನಿನ್ನ ಮಗಳು ಶಾಲೆಗೆ ಸರಿಯಾಗಿ ಬರುತ್ತಿಲ್ಲ, ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು, ಕೊನೆಗೆ ನನ್ನ ಎರಡು ವಾಕ್ಯ ಮಾತ್ರ ತಿದ್ದು" ಅಂತ ಹೇಳುತ್ತೇನೆ. ಮೈಕ್ ಒತ್ತಿ ಮಾತಾಡುತ್ತೇನೆ. ಅದು ನಗುವುದಿಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ. ಮೇಡಂ ಹೇಳಿದರಲ್ಲ, ಮಾತಾಡಲು ಇನ್ನೊಬ್ಬರಿಲ್ಲ ಅಂತ, ಆ ಕೊರತೆಗೆ ಸ್ವಲ್ಪ ಮಟ್ಟಿಗೆ ಆಗುತ್ತದೆ. ಒಂದು ಎಚ್ಚರ: ಮಕ್ಕಳ ಹೆಸರು, ಫೋಟೋ, ಮನೆಯ ವಿಷಯ ಯಾವುದನ್ನೂ ಅದಕ್ಕೆ ಹಾಕಬೇಡಿ.

ಲಿನಕ್ಸ್ ಮೇಷ್ಟ್ರು:
ಅದು ಹೇಳಿದ್ದನ್ನು ಪರೀಕ್ಷಿಸಿಯೂ ನೋಡಿ. ವ್ಯಾಕರಣದ ಕಾರಣ ಕೇಳಿದರೆ ಕೆಲವೊಮ್ಮೆ ತಪ್ಪು ಕಾರಣವನ್ನೂ ಅದೇ ಧೈರ್ಯದಲ್ಲಿ ಹೇಳುತ್ತದೆ. ಪಕ್ಕದಲ್ಲಿ ಒಳ್ಳೆಯ ನಿಘಂಟು ತೆರೆದಿರಲಿ.

ಹೈಸ್ಕೂಲ್ ಸರ್:
ಸರಿ, ಒಪ್ಪಿದೆ. ಹಾಗಾದರೆ ಮನುಷ್ಯರ ಜೊತೆಗೇ ಮಾತಾಡುವ ವ್ಯವಸ್ಥೆ ನಾವೇ ಯಾಕೆ ಮಾಡಬಾರದು? ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಎಲ್ಲರೂ ಬಿಡುವಾಗಿರುತ್ತೇವೆ. ಮೂರು ಗಂಟೆಗೆ ಗೂಗಲ್ ಮೀಟ್. ಮುಕ್ಕಾಲು ಗಂಟೆ, ಪೂರ್ತಿ ಇಂಗ್ಲಿಷ್, ಒಂದು ಕರೆಯಲ್ಲಿ ಐದಾರು ಜನಕ್ಕಿಂತ ಜಾಸ್ತಿ ಬೇಡ. ಜನ ಹೆಚ್ಚಾದರೆ ಕೇಳುವವರು ಕೇಳುತ್ತಲೇ ಇರುತ್ತಾರೆ. ಪ್ರತಿ ವಾರ ಒಬ್ಬರು ತಮ್ಮ ತರಗತಿಯಲ್ಲಿ ಮಾಡಿದ ಒಂದು ಟಾಸ್ಕ್ ತರಲಿ, ಉಳಿದವರು ಮಕ್ಕಳಾಗಿ ಅದನ್ನು ಮಾಡಲಿ. ಸರ್ಟಿಫಿಕೇಟ್ ಇಲ್ಲ, ಹಾಜರಿ ಇಲ್ಲ.

ಮಲೆನಾಡ ಮೇಷ್ಟ್ರು:
ನಾನು ಬರುತ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ವಿಡಿಯೋ ಆಫ್ ಮಾಡಿ ಬರೀ ಧ್ವನಿಯಲ್ಲಿ ಇರುತ್ತೇನೆ. ಪರವಾಗಿಲ್ಲ ತಾನೇ?

ಟೊರಾಂಟೊ ಕನ್ನಡತಿ:
ನನಗೆ ಅದು ನಸುಕು, ಆದರೂ ತಿಂಗಳಿಗೊಮ್ಮೆ ಸೇರುತ್ತೇನೆ. ಇಲ್ಲಿ ಬಳಸುವ ಪಾತ್ರಾಭಿನಯದ ಚೀಟಿಗಳನ್ನು ನಿಮಗೆ ಹೊಂದುವ ಹಾಗೆ ಬದಲಾಯಿಸಿ ತರುತ್ತೇನೆ.

ಬಯಲುಸೀಮೆ ಟೀಚರ್:
ಮೊದಲ ವಾರ ನನ್ನದು, ಬಸ್ಸಿನ ಹಾಳೆಗಳೇ ಇರಲಿ. ಎ ಹಾಳೆ, ಬಿ ಹಾಳೆ ಎರಡನ್ನೂ ಶುಕ್ರವಾರ ಸಂಜೆಯೊಳಗೆ ಇಲ್ಲೇ ಹಾಕುತ್ತೇನೆ. ನಿಮಗೆ ಬಂದ ಹಾಳೆ ಮಾತ್ರ ತೆರೆಯಿರಿ, ಇನ್ನೊಂದನ್ನು ನೋಡಬೇಡಿ. ಹೈಸ್ಕೂಲ್ ಸರ್, ಲಿಂಕ್ ನೀವು ಮಾಡಿ. ಕರಾವಳಿ ಟೀಚರ್, ಕರೆಯ ಆಡಿಯೋ ನಾವು ರೆಕಾರ್ಡ್ ಮಾಡಿಕೊಂಡರೆ ಅಡಾಸಿಟಿಯಲ್ಲಿ ನಮ್ಮ ನಮ್ಮ ಧ್ವನಿ ಬೇರೆ ಮಾಡಿ ನೋಡುವುದು ಹೇಗೆ ಅಂತ ಎರಡನೇ ವಾರ ತೋರಿಸುತ್ತೀರಾ?